ಅಟ್ಟದ ಮೇಲೆ ಮಲಗುವವರನ್ನೂ ಮನೆಮಂದಿಯೆಂದು ಎಣಿಸಿ

ಇವರಿಗೆ,
ಮಾನ್ಯ ಆಯುಕ್ತರು ಮತ್ತು ಕಾರ್ಯಕಾರಿ ಆರೋಗ್ಯಾಧಿಕಾರಿಗಳು,
ಬೃಹನ್ಮುಂಬಯಿ ಮಹಾನಗರಪಾಲಿಕೆ, ಮುಂಬಯಿ

ಪ್ರತಿ: ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಮುಂಬಯಿಯ ಕನ್ನಡ ಸಂಘಗಳು, ಹೊಟೇಲು ಮಾಲಕರು

ಮಾನ್ಯರೇ,

ಹೊಟೇಲಿನಲ್ಲಿ ದುಡಿಯುವ ಹುಡುಗನಿಗೆ ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಸಂಜೆಯಾಗುತ್ತಲೇ ಮೈ ಬಿಸಿಯೇರತೊಡಗಿದರೆ, ಅವನು ನಿಮ್ಮ ದವಾಖಾನೆಗೆ ಬರುವುದಿಲ್ಲ, ಊರಿನ ಬಸ್ಸು ಹತ್ತುತ್ತಾನೆ. ತಿಳಿವಳಿಕೆ ಇಲ್ಲದೆ ಹೀಗೆ ಮಾಡುತ್ತಾನೆಂದು ಯಾರೂ ಭಾವಿಸಬಾರದು. ಕೆಲಸ ಇದ್ದರಷ್ಟೇ ಅವನಿಗೆ ಮಲಗುವ ಜಾಗ. ಟ್ರೇ ಎತ್ತಲಾಗದ ದಿನ ಹೊಟೇಲಿನ ಅಟ್ಟದ ಮೇಲಿನ ಚಾಪೆಯೂ ಹೋಗುತ್ತದೆ, ಎರಡು ಹೊತ್ತಿನ ಊಟವೂ ಹೋಗುತ್ತದೆ. ಕೂಲಿಯವರು ಸೇರುವ ನಾಕಾದಲ್ಲಿ ನಿಂತು ಕಟ್ಟಡದ ಕೆಲಸ ಹಿಡಿಯುವ ಯಾದಗಿರಿ, ಕಲಬುರಗಿ, ವಿಜಯಪುರದವರ ಪಾಡೂ ಅದೇ. ಕ್ಷಯವಿದೆಯೇ ಎಂದು ನೋಡುವ ಕಫದ ಪರೀಕ್ಷೆ ಕುಂದಾಪುರದಲ್ಲೋ ಶಹಾಪುರದಲ್ಲೋ ಆಗುತ್ತದೆ. ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅದು ಆ ಜಿಲ್ಲೆಯ ಪ್ರಕರಣವಾಗುತ್ತದೆ. ಸತ್ತರೆ ನೋಂದಣಿಯೂ ಅಲ್ಲೇ, ಏಕೆಂದರೆ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ. ಮುಂಬಯಿಯ ಪುಸ್ತಕದಲ್ಲಿ ಅವನ ಹೆಸರು ಎಲ್ಲೂ ಬರುವುದಿಲ್ಲ. ಅದೇ ಅಟ್ಟದಲ್ಲಿ ಅವನ ಪಕ್ಕ ಮಲಗುತ್ತಿದ್ದವರನ್ನು ಕೇಳುವವರೂ ಇಲ್ಲ.

ಈ ನಗರ ದುಡಿಯುವವರ ಆರೋಗ್ಯವಂತ ವರ್ಷಗಳನ್ನು ತಾನಿಟ್ಟುಕೊಂಡು ಕಾಯಿಲೆಯನ್ನು ಊರಿಗೆ ಕಳಿಸುತ್ತಿದೆ. ಇದನ್ನು ನಿಲ್ಲಿಸಲು ಪಾಲಿಕೆಯ ಕೈಯಲ್ಲೇ ಇರುವ ಕೆಲವು ಕ್ರಮಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ಮರಾಠಿ ಪ್ರತಿ ನಿಮ್ಮ ಕಚೇರಿಗೆ ಬೇರೆಯಾಗಿ ತಲುಪಲಿದೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದು ಇದು ಆ ಅಟ್ಟದಲ್ಲಿರುವವರಿಗೂ ಅವರ ಮಾಲಕರಿಗೂ ತಲುಪಬೇಕೆಂದು.

ಮೊದಲು ಅಂಕಿಗಳ ಮಾತು. ಕತಾರ್‌ನಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸಾಯುವವರು ಇಬ್ಬರಿಗಿಂತ ಕಡಿಮೆ. ಜಪಾನಿನಲ್ಲಿ 12ಕ್ಕೂ ಹೆಚ್ಚು. ಹಾಗೆಂದು ಕತಾರ್‌ನ ಜನ ಜಪಾನಿನವರಿಗಿಂತ ಆರೋಗ್ಯವಂತರಲ್ಲ. ಜಪಾನಿನಲ್ಲಿ ಹತ್ತಕ್ಕೆ ಸುಮಾರು ಮೂವರು 65 ದಾಟಿದವರು. ಕತಾರ್‌ನಲ್ಲಿರುವವರು ಬಹುಪಾಲು ದಕ್ಷಿಣ ಏಷ್ಯಾದಿಂದ ಹೋದ ಹರೆಯದ ಗಂಡಸರು. ಮೈ ಸೋತರೆ ವಾಪಸು ಬರುತ್ತಾರೆ, ಸಾವು ಬೇರೆ ದೇಶದ ಲೆಕ್ಕಕ್ಕೆ ಸೇರುತ್ತದೆ. ನಮ್ಮ ದೇಶದೊಳಗೂ ಕೇರಳದ ಮರಣ ದರ ಬಿಹಾರದ್ದಕ್ಕಿಂತ ಹೆಚ್ಚಿದೆ. ಅದಕ್ಕೆ ಕಾರಣ ಅಲ್ಲಿನ ಆಸ್ಪತ್ರೆಗಳಲ್ಲ, ಅಲ್ಲಿನ ಜನರ ವಯಸ್ಸು. ಹೀಗಾಗಿ ಜನರ ವಯಸ್ಸು, ಲಿಂಗ, ಎಷ್ಟು ಕಾಲದಿಂದ ಅಲ್ಲಿದ್ದಾರೆ ಎಂಬ ಮೂರು ತಿಳಿಯದೆ ಯಾವ ಊರಿನ ರೋಗದ ದರವನ್ನೂ ಇನ್ನೊಂದರ ಜೊತೆ ಹೋಲಿಸಲಾಗದು. ಮುಂಬಯಿಯ ವಾರ್ಡುಗಳಿಗೂ ಈ ಮಾತು ಹಾಗೇ ಅನ್ವಯಿಸುತ್ತದೆ. ಹರೆಯದ ವಲಸಿಗರು ತುಂಬಿರುವ ವಾರ್ಡಿನಲ್ಲಿ ಸಾವಿನ ದರ ಕಡಿಮೆ ಕಂಡರೆ ಅದನ್ನು ಸಾಧನೆ ಎಂದುಕೊಳ್ಳುವ ಮುಂಚೆ, ಕಾಯಿಲೆ ಬಿದ್ದವರು ಎಲ್ಲಿಗೆ ಹೋದರೆಂದು ಕೇಳಬೇಕು.

ಇದರ ಅತಿ ಘೋರ ಉದಾಹರಣೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳು. ಲೆಸೊಥೊ, ಮೊಜಾಂಬಿಕ್, ಈಸ್ಟರ್ನ್ ಕೇಪ್‌ನಿಂದ ಬಂದ ಗಂಡಸರು ಗಣಿಯ ಹಾಸ್ಟೆಲುಗಳಲ್ಲಿ ಒತ್ತೊತ್ತಾಗಿ ಮಲಗಿ, ಹಗಲು ಸಿಲಿಕಾ ಧೂಳು ಕುಡಿದರು. ಧೂಳು ಕೂತ ಶ್ವಾಸಕೋಶದಲ್ಲಿ ಕ್ಷಯ ಬೇಗ ಬೇರೂರುತ್ತದೆ. ಸುಸ್ತಾದವರನ್ನು ಊರಿಗೆ ಕಳಿಸಲಾಯಿತು. ಗಣಿಯ ಲೆಕ್ಕ ಚೊಕ್ಕಟವಾಗೇ ಉಳಿಯಿತು. ಲೆಸೊಥೊ ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯವಿರುವ ದೇಶಗಳ ಸಾಲಿಗೆ ಸೇರಿತು. ಗಣಿ ಕಂಪನಿಗಳು ಪರಿಹಾರ ಕೊಡಬೇಕೆಂಬ ಒಪ್ಪಂದಕ್ಕೆ ಜೊಹಾನ್ಸ್‌ಬರ್ಗ್‌ನ ಹೈಕೋರ್ಟು ಒಪ್ಪಿಗೆ ಕೊಟ್ಟದ್ದು 2019ರಲ್ಲಿ. 1965ರಿಂದ ದುಡಿದವರೂ ಅದರ ವ್ಯಾಪ್ತಿಯಲ್ಲಿದ್ದಾರೆ, ಎಂದರೆ ಹಲವರ ಪಾಲಿಗೆ ಅದು ಸತ್ತ ಮೇಲೆ ಬಂದ ನ್ಯಾಯ. ಕೋಲಾರದ ಚಿನ್ನದ ಗಣಿಯಲ್ಲಿ ಅದೇ ಧೂಳಿನ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಕಂಡ ನಾಡಿನವರಿಗೆ ಇದು ದೂರದ ಕಥೆಯೇನೂ ಅಲ್ಲ.

ಮುಂಬಯಿಯ ಸ್ವಂತ ಇತಿಹಾಸವೂ ಇದನ್ನೇ ಹೇಳುತ್ತದೆ. 1918ರ ಇನ್‌ಫ್ಲುಯೆಂಜಾದಲ್ಲಿ, ಆಗಿನ ನಗರದ ದಾಖಲೆ ‘ಕೆಳಜಾತಿ ಹಿಂದೂಗಳು’ ಎಂದು ಬರೆದ ಜನರಲ್ಲಿ ಸಾವಿರಕ್ಕೆ 61.6 ಮಂದಿ ಸತ್ತರು. ಐರೋಪ್ಯರಲ್ಲಿ ಸಾವಿರಕ್ಕೆ 8.3. ವೈರಾಣು ಒಂದೇ, ನಗರ ಒಂದೇ. ನೂರೆರಡು ವರ್ಷಗಳ ನಂತರ, 2020ರ ಜುಲೈನಲ್ಲಿ, ನಿಮ್ಮದೇ ಪಾಲಿಕೆ ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೊತೆ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿತು. ಝೋಪಡಪಟ್ಟಿಯವರಲ್ಲಿ ಶೇ. 57 ಮಂದಿಗೆ ಕೋವಿಡ್ ತಗುಲಿ ಹೋಗಿತ್ತು. ಅದೇ ವಾರ್ಡುಗಳ ಕಟ್ಟಡವಾಸಿಗಳಲ್ಲಿ ಶೇ. 16. ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬ ಅಂಕಿಯಿಂದ ಈ ವ್ಯತ್ಯಾಸ ಅರ್ಥವಾಗದು. ಒಂದು ಕೋಣೆಯಲ್ಲಿ ಎಷ್ಟು ಜನ, ಒಂದು ಶೌಚಾಲಯಕ್ಕೆ ಎಷ್ಟು ಜನ ಎಂದು ಕೇಳಿದರೆ ಅರ್ಥವಾಗುತ್ತದೆ. 2011ರ ಜನಗಣತಿಯಲ್ಲೇ ಮುಂಬಯಿಯ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಒಂದೇ ಖೋಲಿಯಲ್ಲಿದ್ದವು. ಝೋಪಡಿ ಕೆಡವಿ ಎತ್ತರದ ಕಟ್ಟಡ ಕಟ್ಟಿದರೆ ಸಾಲದೆಂಬುದನ್ನು ಗೋವಂಡಿಯ ಪುನರ್ವಸತಿ ಕಟ್ಟಡಗಳು ತೋರಿಸಿವೆ. ಎರಡು ಕಟ್ಟಡಗಳ ನಡುವೆ ಕೇವಲ ಕೆಲವು ಮೀಟರು ಜಾಗ ಬಿಟ್ಟದ್ದರಿಂದ ಕೆಳಗಿನ ಮಹಡಿಗಳಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ, ಕ್ಷಯ ಬಿಟ್ಟು ಹೋಗುತ್ತಿಲ್ಲ.

ಇನ್ನು ಅಟ್ಟದ ವಿಷಯ. ಇದನ್ನು ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಸರಿಮಾಡುವುದು ಸುಲಭ ಮತ್ತು ಅಗ್ಗ.

ಇಂಗಾಲದ ಡೈಆಕ್ಸೈಡ್ ಅಳೆಯುವ ಕೈಯಳತೆಯ ಮೀಟರನ್ನು ಮಲಗುವವರ ತಲೆಯ ಮಟ್ಟದಲ್ಲಿ, ಯಾರ ಮುಖಕ್ಕೂ ಒಂದು ಮೀಟರಿಗಿಂತ ಹತ್ತಿರವಿಲ್ಲದಂತೆ ತೂಗುಹಾಕಿ, ಬಾಗಿಲು ಎಂದಿನಂತೆ ಮುಚ್ಚಿಸಿ, ರಾತ್ರಿ 2ರಿಂದ 5ರವರೆಗಿನ ಅಂಕಿ ಬರೆದುಕೊಳ್ಳಬೇಕು. ಹೊರಗಿನ ಗಾಳಿಯಲ್ಲಿ ಅದು ದಶಲಕ್ಷಕ್ಕೆ ಸುಮಾರು 420 ಭಾಗ. ನಾವು ಬಿಡುವ ಉಸಿರಿನಲ್ಲಿ ಸುಮಾರು 38,000. ಒಳಗೆ 2,300 ತೋರಿಸಿದರೆ ಅಲ್ಲಿ ಮಲಗಿದವನು ಎಳೆದುಕೊಳ್ಳುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು. ಎಂಟು ಗಂಟೆ ನಿದ್ದೆ, ವರ್ಷಕ್ಕೆ ಮುನ್ನೂರು ರಾತ್ರಿ ಎಂದು ಲೆಕ್ಕ ಹಾಕಿದರೆ ಕ್ಷಯ ಹೇಗೆ ಹಬ್ಬುತ್ತದೆಂದು ಬೇರೆ ಹೇಳಬೇಕಿಲ್ಲ. 1,000ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯ ಗುರಿ.

20 ಅಡಿ ಉದ್ದ, 10 ಅಡಿ ಅಗಲ, 6 ಅಡಿ ಎತ್ತರದ ಅಟ್ಟದೊಳಗೆ ಹಿಡಿಯುವ ಗಾಳಿ ಸುಮಾರು 34 ಘನ ಮೀಟರು. ಗಾಳಿಯಲ್ಲಿ ಹರಡುವ ರೋಗವಿರುವವರ ಆಸ್ಪತ್ರೆ ವಾರ್ಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕಾದರೆ ಗಂಟೆಗೆ ಸುಮಾರು 410 ಘನ ಮೀಟರು ಹೊರಹೋಗಬೇಕು. ಎಕ್ಸಾಸ್ಟ್ ಫ್ಯಾನಿನ ಡಬ್ಬಿಯ ಮೇಲೆ ಈ ಸಾಮರ್ಥ್ಯ ಬರೆದಿರುತ್ತದೆ. ಜಾಲರಿ ಮತ್ತು ಅಡುಗೆಮನೆಯ ಜಿಡ್ಡು ಅದನ್ನು ಇಳಿಸುವುದರಿಂದ 600ರದ್ದನ್ನು ಹಾಕುವುದು ಲೇಸು. ಇಲ್ಲಿ ಎಡವುವುದು ಹೆಚ್ಚಾಗಿ ಮೂರು ಕಡೆ. ಫ್ಯಾನನ್ನು ಕಿಟಕಿಯ ಪಕ್ಕದಲ್ಲೇ ಕೂರಿಸುತ್ತಾರೆ. ಗಾಳಿ ಕಿಟಕಿಯಿಂದ ಬಂದು ನೇರ ಫ್ಯಾನಿಗೆ ಹೋಗುತ್ತದೆ, ಮಲಗಿದವರ ಕಡೆ ಸುಳಿಯುವುದೇ ಇಲ್ಲ. ಫ್ಯಾನು ಒಂದು ತುದಿಯಲ್ಲಿ, ಗಾಳಿ ಒಳಬರುವ ಕಂಡಿ ಎದುರಿನ ತುದಿಯಲ್ಲಿ ಇರಬೇಕು. ಎರಡನೆಯದು, ಕಂಡಿಯನ್ನೇ ಬಿಡದೆ ಫ್ಯಾನು ಹಾಕುವುದು. ಒಳಗೆ ಗಾಳಿ ಬರದಿದ್ದರೆ ಹೊರಗೆ ಹೋಗುವುದಾದರೂ ಏನು? ಮೂರನೆಯದು, ಎ.ಸಿ. ಕೂರಿಸಿ ಗಾಳಿಯ ವ್ಯವಸ್ಥೆ ಆಯಿತೆಂದುಕೊಳ್ಳುವುದು. ಗೋಡೆಯ ಮೇಲಿನ ಎ.ಸಿ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ವಾರ್ಡಿನ ವೈದ್ಯಾಧಿಕಾರಿಗೆ ಇಂಥ ಎರಡು ಮೀಟರುಗಳನ್ನು ಕೊಟ್ಟು, ಆಹಾರ ಮಳಿಗೆಗಳ ಆರೋಗ್ಯ ಪರವಾನಗಿಯ ತಪಾಸಣೆಯಲ್ಲಿ ಮಲಗುವ ಜಾಗದ ಅಂಕಿಯನ್ನೂ ಬರೆಯುವ ಒಂದು ಸಾಲು ಸೇರಿಸಿ ಎಂಬುದು ನಮ್ಮ ಮೊದಲ ಬೇಡಿಕೆ.

ಈಗಿರುವ ತಪಾಸಣೆಗಳು ಯಾರನ್ನು ಕಾಪಾಡಲು ಇವೆ ನೋಡಿ. ಆಹಾರ ಮುಟ್ಟುವ ಕೆಲಸಗಾರನಿಗೆ ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ ಬೇಕು: ಮೈ, ಚರ್ಮ, ಕಣ್ಣು ನೋಡಿ, ಟೈಫಾಯ್ಡ್ ಲಸಿಕೆ ಆಗಿದೆಯೇ ಎಂದು ಬರೆಯುತ್ತಾರೆ. ಗಿರಾಕಿಗೆ ರೋಗ ದಾಟಬಾರದೆಂಬುದು ಅದರ ಉದ್ದೇಶ. ಅದು ಸರಿಯೇ, ಆದರೆ ಎದೆಯ ಎಕ್ಸ್-ರೇ ಆ ಪಟ್ಟಿಯಲ್ಲಿ ಕಡ್ಡಾಯವಲ್ಲ. 2019-21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಶೇ. 42.6 ಮಂದಿ ಬರೀ ಲಕ್ಷಣ ಕೇಳಿದ್ದರೆ ತಪ್ಪಿಹೋಗುತ್ತಿದ್ದರು, ಎಕ್ಸ್-ರೇ ಹಿಡಿದುಕೊಟ್ಟಿತು. ಕೆಮ್ಮಿದೆಯೇ ಎಂದು ಕೇಳಿ ಇಲ್ಲ ಎಂದವನನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಗಳು 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನಗಳ ಕ್ಷಯ ಪತ್ತೆ ಅಭಿಯಾನದಲ್ಲಿ ಬಳಕೆಗೆ ಬಂದಿವೆ. ಅವನ್ನು ಹೊಟೇಲಿನವರ ಬಿಡುವಿನ ವೇಳೆಯಲ್ಲಿ, ಮಧ್ಯಾಹ್ನ 3ರಿಂದ 5ರ ನಡುವೆ, ಮಾಟುಂಗಾ, ಸಯನ್, ಫೋರ್ಟ್ ಕಡೆಯ ಗಲ್ಲಿಗಳಿಗೇ ಒಯ್ಯಿರಿ. ಬೆಳಿಗ್ಗೆ 10ಕ್ಕೆ ಶಿಬಿರವಿಟ್ಟರೆ ಬರುವವರು ನಿವೃತ್ತರು ಮಾತ್ರ.

ಗೋವೆಯಲ್ಲಿ ಕಟ್ಟಡ ಕಾರ್ಮಿಕರಿಗೆ ಮಲೇರಿಯಾ ತಪಾಸಣೆಯ ಆರೋಗ್ಯ ಕಾರ್ಡ್ ಇದೆ. ಕಾರ್ಮಿಕನು ಜ್ವರ ತಂದನೇ ಎಂದು ಅದು ನೋಡುತ್ತದೆ. ಕಾಂಕ್ರೀಟಿನ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಮೊಟ್ಟೆಯಿಟ್ಟು ಒಂದೆರಡು ವಾರದೊಳಗೆ ಹಾರುವ ನಗರದ ಅನಾಫಿಲಿಸ್ ಸೊಳ್ಳೆ ಅವನಿಗೆ ಏನು ಕೊಟ್ಟಿತೆಂಬುದನ್ನೂ ಅದೇ ಕಾರ್ಡಿನಲ್ಲಿ ಬರೆಯಬಹುದು. ವೈವಾಕ್ಸ್ ಮಲೇರಿಯಾಕ್ಕೆ ಪ್ರಿಮಾಕ್ವಿನ್ 14 ದಿನ ನುಂಗಬೇಕು. ಜ್ವರ ಮೂರೇ ದಿನಕ್ಕೆ ಬಿಡುತ್ತದೆ, ಕೆಲಸ ಮುಗಿದು ಗ್ಯಾಂಗು ಬೇರೆ ಕಡೆಗೆ ಹೊರಡುತ್ತದೆ, ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಬಾಗಲಕೋಟೆಯಲ್ಲಿ ಏಳುತ್ತದೆ. ಮುಂಬಯಿಯ ಸೈಟುಗಳಲ್ಲೂ ಇದೇ ಕಥೆ. ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯುವಂತೆ ಮಾಡುವ ಜಿ6ಪಿಡಿ ಕಿಣ್ವದ ಕೊರತೆ ಇಲ್ಲವೆಂದು ನೋಡಿಕೊಂಡು, ಹದಿನಾಲ್ಕೂ ದಿನದ ಮಾತ್ರೆಗಳನ್ನು ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಸಮ್ಮುಖದಲ್ಲಿ ಎಣಿಸಿ ಕಾರ್ಮಿಕನ ಕೈಗೇ ಕೊಡುವುದು ಉತ್ತಮ.

ಕ್ಷಯಕ್ಕೆ ಮರಳಿದರೆ, ಸಂಪರ್ಕಿತರನ್ನು ಹುಡುಕುವಾಗ ‘ಮನೆಯವರು’ ಎಂದರೆ ಯಾರು? ಚಿಕಿತ್ಸೆ ಶುರುವಾಗುವ ಹಿಂದಿನ 3 ತಿಂಗಳಲ್ಲಿ ರೋಗಿಯ ಜೊತೆ ಒಂದೇ ಮುಚ್ಚಿದ ಜಾಗದಲ್ಲಿ ಒಂದು ರಾತ್ರಿಯಾದರೂ ಕಳೆದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ರಕ್ತಸಂಬಂಧ, ರೇಷನ್ ಕಾರ್ಡು ಯಾವುದೂ ಅದರಲ್ಲಿಲ್ಲ. ಸೋಂಕು ಮುಂಬಯಿಯಲ್ಲೇ ತಗುಲಿತೆಂದು ಹೇಗೆ ಸಾಧಿಸುತ್ತೀರಿ ಎಂದು ಕೇಳುವವರಿದ್ದಾರೆ. ಸಾಧಿಸಬೇಕಾಗಿಯೇ ಇಲ್ಲ. ಅವನು ಕೆಮ್ಮಿದ್ದು ಇಲ್ಲಿ, ಉಸಿರಾಡಿದವರು ಇಲ್ಲಿದ್ದಾರೆ. ಪರೀಕ್ಷೆ ಆಗಬೇಕಾದದ್ದು ಅವರಿಗೆ. ಎಕ್ಸ್-ರೇಯಲ್ಲಿ ಸಕ್ರಿಯ ಕ್ಷಯ ಇಲ್ಲವೆಂದು ಖಚಿತವಾದ ಮೇಲೆ ಅವರಿಗೆ ವಾರಕ್ಕೊಂದರಂತೆ 12 ಡೋಸಿನ ಐಸೋನಿಯಾಜಿಡ್-ರಿಫಾಪೆಂಟಿನ್ ಎಂಬ ಕ್ಷಯ ತಡೆಯುವ ಮಾತ್ರೆ ಕೊಡಬಹುದು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಎರಡನೇ ವಾರಕ್ಕೇ ಹೆದರಿ ಬಿಡುತ್ತಾರೆ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಮಾತ್ರೆ ನಿಲ್ಲಿಸಿ ಬರಬೇಕೆಂದೂ ಕನ್ನಡದಲ್ಲೇ ತಿಳಿಸಬೇಕು.

ರೋಗಿ ಊರಿಗೆ ಹೋಗಲೇಬೇಕೆಂದರೆ ತಡೆಯಲಾಗದು. ಆದರೆ ಹೋಗುವ ಮುನ್ನ ಅವನ ಕೈಯಲ್ಲಿ ಒಂದು ತಿಂಗಳ ಮಾತ್ರೆ, ನಿಕ್ಷಯ್ ಸಂಖ್ಯೆ, ಚಿಕಿತ್ಸೆ ಶುರುವಾದ ದಿನ, ಅಂದಿನ ತೂಕ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂಬ ಪರೀಕ್ಷೆಯ ಫಲಿತಾಂಶ ಬರೆದ ಹಾಳೆ ಇರಲಿ. ತೂಕ ಏಕೆಂದರೆ ಮಾತ್ರೆಯ ಸಂಖ್ಯೆ ಅದರ ಮೇಲೆ ನಿಂತಿದೆ: 35ರಿಂದ 49 ಕೆ.ಜಿ.ಯವರೆಗೆ ದಿನಕ್ಕೆ 3, 50ರಿಂದ 64ರವರೆಗೆ 4. ಊರಿನ ಊಟ ಹಿಡಿಸಿ 48 ಇದ್ದವನು 52 ಆದರೆ ಮಾತ್ರೆ ಏರಬೇಕು, ಅದು ಎಷ್ಟೋ ಸಲ ಏರುವುದಿಲ್ಲ. ಪೋರ್ಟಲಿನಲ್ಲಿ ವರ್ಗಾಯಿಸಿದೆವು ಎಂದರೆ ಕೆಲಸ ಮುಗಿಯದು, ಆ ಕಡೆಯ ಘಟಕ ಸ್ವೀಕರಿಸಿದೆಯೇ ಎಂದು ವಾರದೊಳಗೆ ನೋಡಬೇಕು. ಕೊಂಡಿ ಹೆಚ್ಚಾಗಿ ಕಳಚುವುದು ಫೋನಿನಲ್ಲಿ. ಬರೆಸಿದ ನಂಬರು ಮುಕಾದಮನದ್ದೋ ಹೊಟೇಲಿನ ಗಲ್ಲಾದ್ದೋ ಆಗಿರುತ್ತದೆ, ಇಲ್ಲವೇ ಊರು ತಲುಪಿದ ಮೇಲೆ ಸಿಮ್ ಬದಲಾಗಿರುತ್ತದೆ. ಊರಿನಲ್ಲಿ ಬದಲಾಗದ ಎರಡನೇ ನಂಬರು, ಅಕ್ಕನದ್ದೋ ಆಶಾ ಕಾರ್ಯಕರ್ತೆಯದ್ದೋ, ಕಡ್ಡಾಯವಾಗಿ ಬರೆಸಿಕೊಳ್ಳಿ.

ಕರ್ನಾಟಕದ ಅಧಿಕಾರಿಗಳಿಗೂ ಇಲ್ಲಿ ಒಂದು ಮಾತು. ಮರಳಿ ಬರುವ ರೋಗಿ ಎರಡು ಬೇರೆ ಬೇರೆ ಬಗೆಯ ಮನೆಗಳಿಗೆ ಬರುತ್ತಾನೆ. ಕರಾವಳಿಯಲ್ಲಿ ಮಕ್ಕಳೆಲ್ಲ ಹೊರಗೆ ಹೋಗಿ ಮನೆಯಲ್ಲಿ ಉಳಿದವರು ವಯಸ್ಸಾದ ತಂದೆತಾಯಿ, ಅನೇಕರಿಗೆ ಸಕ್ಕರೆ ಕಾಯಿಲೆ. ಅಂಥವರಲ್ಲಿ ಅಡಗಿದ ಸೋಂಕು ಸುಲಭವಾಗಿ ತಲೆಯೆತ್ತುತ್ತದೆ. ಯಾದಗಿರಿ, ಕಲಬುರಗಿಯ ಮನೆಯಲ್ಲಿ ಇರುವುದು ಪುಟ್ಟ ಮಕ್ಕಳು. ಐದು ವರ್ಷದೊಳಗಿನವರಿಗೆ ಕ್ಷಯ ಮಿದುಳಿನ ಪೊರೆಗೆ ಏರುವ ಅಪಾಯ ಹೆಚ್ಚು, ಸಕ್ರಿಯ ಕ್ಷಯ ಇಲ್ಲವೆಂದು ನೋಡಿದೊಡನೆ ಆರು ತಿಂಗಳ ಐಸೋನಿಯಾಜಿಡ್ ಶುರುವಾಗಬೇಕು. ಒಂದೇ ಸುತ್ತೋಲೆ ಎರಡೂ ಕಡೆಗೆ ಹೊಂದದು. ಉಡುಪಿಯಲ್ಲಿ ಮೊದಲು ಸಕ್ಕರೆ ನೋಡಿ, ಯಾದಗಿರಿಯಲ್ಲಿ ಮೊದಲು ಮಗುವಿನ ತೂಕ ನೋಡಿ.

ಅನ್ನದ ವಿಷಯ ಬಿಟ್ಟರೆ ಈ ಪತ್ರ ಅರ್ಧವಾದೀತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಝಾರ್ಖಂಡ್‌ನಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಯ ಮನೆಯ ಪ್ರತಿ ವಯಸ್ಕರಿಗೂ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ಸೂಕ್ಷ್ಮಪೋಷಕ ಮಾತ್ರೆ ಕೊಟ್ಟಾಗ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಇಳಿಯಿತು. ಅಕ್ಕಿ-ಬೇಳೆ ಒಂದು ಲಸಿಕೆಯಷ್ಟು ಕೆಲಸ ಮಾಡಿತು. ಸರ್ಕಾರದ ಪೌಷ್ಟಿಕ ನೆರವಾದ ನಿಕ್ಷಯ್ ಪೋಷಣ್‌ನ ತಿಂಗಳ ಸಾವಿರ ರೂಪಾಯಿ ರೋಗಿಗೆ ಮಾತ್ರ. ಜೊತೆಗಿರುವವರಿಗೆ ರೇಷನ್ ತಲುಪಬೇಕು. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಅಡಿ ಊರಿನ ಕಾರ್ಡಿನಲ್ಲಿ ತನ್ನ ಪಾಲನ್ನು ಮುಂಬಯಿಯ ಅಂಗಡಿಯಲ್ಲಿ ಬೆರಳೊತ್ತಿ ಎತ್ತಬಹುದು, ಉಳಿದವರ ಪಾಲು ಊರಿನಲ್ಲೇ ಸಿಗುತ್ತದೆ. ಇಡೀ ಕಾರ್ಡು ಖಾಲಿಯಾಗಿಬಿಡುತ್ತದೆಂಬ ಭಯದಿಂದ ಹಲವರು ಪ್ರಯತ್ನಿಸುವುದೇ ಇಲ್ಲ. ಕನ್ನಡ ಸಂಘಗಳು ಇದೊಂದನ್ನು ತಿಳಿಸಿಕೊಟ್ಟರೂ ದೊಡ್ಡ ಉಪಕಾರ.

ಹೊಟೇಲು ಮಾಲಕರೇ, ನೀವು ನಮ್ಮವರೇ, ನೇರವಾಗಿ ಕೇಳುತ್ತೇವೆ. ನಿಮ್ಮ ಕೆಲಸಗಾರರು ನೌಕರರ ರಾಜ್ಯ ವಿಮಾ ಯೋಜನೆ, ಎಂದರೆ ಇ.ಎಸ್.ಐ.ಯಲ್ಲಿದ್ದಾರೆಯೇ? ಮಾಲಕರ ವಂತಿಗೆ ಸಂಬಳದ ಶೇ. 3.25, ಕೆಲಸಗಾರನದ್ದು ಶೇ. 0.75. ಎರಡು ವರ್ಷ ವಿಮಾದಾರನಾಗಿದ್ದು, ತಲಾ ಆರು ತಿಂಗಳಿನ ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಕಟ್ಟಿದವನಿಗೆ ಕ್ಷಯ ಬಂದರೆ ಸಂಬಳದ ಶೇ. 80 ಭಾಗ, ಎರಡು ವರ್ಷದವರೆಗೂ ಸಿಗುವ ಅವಕಾಶವಿದೆ. ಅಷ್ಟಿದ್ದರೆ ಅವನು ಬಸ್ಸು ಹತ್ತುವುದಿಲ್ಲ, ಇಲ್ಲೇ ಮಾತ್ರೆ ಮುಗಿಸುತ್ತಾನೆ. ಔಷಧಕ್ಕೆ ಬಗ್ಗುವ ಕ್ಷಯವಾದರೆ ಆರು ತಿಂಗಳು ಸಾಕು, ಕೆಲಸಕ್ಕೆ ಮರಳುವುದು ಅದಕ್ಕಿಂತ ಬೇಗ. ಅವನ ಜಾಗಕ್ಕೆ ಬೇರೆಯವನನ್ನು ಕೂಡಲೇ ತುಂಬಬೇಡಿ.

ಆಯುಕ್ತರೇ, ನಗರ ಆರೋಗ್ಯ ಅಭಿಯಾನದ ಮಾನದಂಡ 50,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 10,000ಕ್ಕೆ ಒಬ್ಬ ಆರೋಗ್ಯ ಸಹಾಯಕಿ (ಎ.ಎನ್.ಎಂ.) ಎನ್ನುತ್ತದೆ. ಆ ಜನಸಂಖ್ಯೆ ಎಲ್ಲಿಂದ ಬರುತ್ತದೆ? 2011ರ ಗಣತಿಯಿಂದ. 2001ರಿಂದ 2011ರೊಳಗೇ ದ್ವೀಪ ನಗರದ ಜನ 33 ಲಕ್ಷದಿಂದ 31 ಲಕ್ಷದೊಳಕ್ಕೆ ಇಳಿದು, ಉಪನಗರ 86ರಿಂದ 93 ಲಕ್ಷ ದಾಟಿತ್ತು, ಆದರೆ ಕೆ.ಇ.ಎಂ., ನಾಯರ್, ಸಯನ್‌ನಂಥ ದೊಡ್ಡ ಆಸ್ಪತ್ರೆಗಳು ದ್ವೀಪದಲ್ಲೇ ಇವೆ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಗಣತಿದಾರ ಹೊಟೇಲನ್ನು ‘ವ್ಯಾಪಾರದ ಕಟ್ಟಡ’ ಎಂದು ಬರೆದು ಮುಂದೆ ಹೋದರೆ ಅಟ್ಟದವರು ಇನ್ನೊಂದು ದಶಕ ಇಲ್ಲವಾಗುತ್ತಾರೆ. ಒಟ್ಟಿಗೆ ಉಂಡು ಮಲಗುವ ಸಂಬಂಧಿಕರಲ್ಲದವರನ್ನು ಸಾಂಸ್ಥಿಕ ಕುಟುಂಬವೆಂದು ಎಣಿಸುವ ವ್ಯವಸ್ಥೆ ಗಣತಿಯಲ್ಲಿ ಈಗಾಗಲೇ ಇದೆ. ನಿಮ್ಮ ಸಿಬ್ಬಂದಿಯ ತರಬೇತಿಯಲ್ಲಿ ಇಷ್ಟನ್ನು ಒತ್ತಿ ಹೇಳಿಸಿ: ಪ್ರತಿ ಹೊಟೇಲು, ಅಂಗಡಿ, ಕಾರ್ಖಾನೆ, ಸೈಟಿನಲ್ಲಿ ‘ರಾತ್ರಿ ಇಲ್ಲಿ ಯಾರು ಮಲಗುತ್ತಾರೆ?’ ಎಂದು ಕೇಳಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಎಫ್-ನಾರ್ತ್, ಜಿ-ನಾರ್ತ್, ಎಂ-ಈಸ್ಟ್ ವಾರ್ಡುಗಳ ಕ್ಷಯ ಪುಸ್ತಕದಲ್ಲಿ ಈ ತಿಂಗಳೇ ಮೂರು ಕಾಲಂ ಸೇರಿಸಬಹುದು: ರಾತ್ರಿ ಮಲಗುವ ಜಾಗದ ವಿಳಾಸ, ಅಲ್ಲಿ ಮಲಗುವವರ ಸಂಖ್ಯೆ, ಮುಂಬಯಿಗೆ ಬಂದು ಎಷ್ಟು ತಿಂಗಳಾಯಿತು. ಕರ್ನಾಟಕದ ಜಿಲ್ಲೆಗಳಲ್ಲಿ ಪತ್ತೆಯಾದ ಪ್ರತಿ ರೋಗಿಗೂ ‘ಹಿಂದಿನ 3 ತಿಂಗಳು ಎಲ್ಲಿ ಮಲಗುತ್ತಿದ್ದಿರಿ?’ ಎಂದು ಕೇಳಿ, ಉತ್ತರ ಮುಂಬಯಿ ಎಂದಾದರೆ ಆ ವಾರ್ಡಿಗೆ 48 ಗಂಟೆಯೊಳಗೆ ತಿಳಿಸುವ ಒಬ್ಬ ಅಧಿಕಾರಿಯನ್ನು ಎರಡೂ ಕಡೆ ನೇಮಿಸಿ. ರಾತ್ರಿ 10ರವರೆಗೆ ತೆರೆದಿರುವ ಪಾಲಿಕೆಯ ಆಪ್ಲಾ ದವಾಖಾನೆಗಳಲ್ಲಿ ಕಫದ ಡಬ್ಬಿ ಕೊಡುವ, ಪಡೆಯುವ ಏರ್ಪಾಡು ಮಾಡಿ. ಕನ್ನಡ ಬಲ್ಲ ಕಾರ್ಯಕರ್ತೆಯರು ಎಲ್ಲೆಲ್ಲಿ ಬೇಕೆಂಬ ಪಟ್ಟಿಯನ್ನು ಸಂಘಗಳ ನೆರವಿನಿಂದ ತಯಾರಿಸಿ ಕೊಡಲು ನಾವು ಸಿದ್ಧರಿದ್ದೇವೆ. ನೀವು ಕರೆದ ದಿನ, ಕರೆದ ವಾರ್ಡ್ ಕಚೇರಿಗೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಮುಂಬಯಿಯಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿರುವ ಕನ್ನಡಿಗರು